ಬಕೆಟ್‌ನಲ್ಲಿ ಬಂದ ಹೊಲಿಗೆ ಮೆಷಿನ್

ನಮ್ಮ ಮಾವ ಹೊಲಿಗೆ ಮೆಷಿನ್ ರಿಪೇರಿ ಮಾಡೋರು. ಅಂಗಡಿ ಬದಲಾಯಿಸುವಾಗ ಹತ್ತು ದಿನ ಮನೇಲಿದ್ರು. ಆ ಹತ್ತು ದಿನದಲ್ಲಿ ಮಿಕ್ಸಿ, ಗೋಡೆ ಗಡಿಯಾರ, ಬಚ್ಚಲಿನ ನಲ್ಲಿ, ಕೊನೆಗೆ ಚೆನ್ನಾಗೇ ಇದ್ದ ನನ್ನ ಇಸ್ತ್ರಿಪೆಟ್ಟಿಗೆ, ಎಲ್ಲಾನೂ ಬಿಚ್ಚಿದ್ರು. ವಾಪಸ್ ಜೋಡಿಸಿದ್ರು ಅನ್ನಿ, ಸುಳ್ಳು ಹೇಳಬಾರದು. ಹತ್ತನೇ ದಿನ ಬಿಚ್ಚೋಕೆ ಏನೂ ಉಳಿದಿರಲಿಲ್ಲ. ಎರಡೂ ಕೈಯನ್ನ ತೊಡೆ ಮೇಲಿಟ್ಟುಕೊಂಡು ಕಿಟಕಿ ಕಡೆ ನೋಡ್ತಾ ಕೂತುಬಿಟ್ರು. ಮೂವತ್ತೆಂಟು ವರ್ಷದಲ್ಲಿ ಒಂದು ದಿನವೂ ಸುಮ್ಮನೆ ಇದ್ದ ಕೈ ಅಲ್ಲ ಅದು.

ಹೊಸ ಅಂಗಡಿ ಹಳೇದು ಇದ್ದ ಕಟ್ಟಡದ್ದೇ ಹಿಂಭಾಗದಲ್ಲಿ, ಹದಿನಾಲ್ಕು ಮೆಟ್ಟಿಲು ಹತ್ತಿದ ಮೇಲೆ ಸಿಗುತ್ತೆ. ಮುಂದಿನ ಭಾಗ ಒಡೆದು ಕಟ್ಟುತ್ತಿದ್ದಾರೆ. ಹಳೇ ಗಿರಾಕಿಗಳು ಬರ್ತಾರೆ, ಮುಚ್ಚಿದ ಬಾಗಿಲು ನೋಡ್ತಾರೆ, ಪಾಪ ಮುದುಕ ನಿಲ್ಲಿಸಿಬಿಟ್ಟ ಅಂದ್ಕೊಂಡು ಹೊರಟುಹೋಗ್ತಾರೆ. ಹೊಸ ಅಂಗಡಿಗೆ ಬಂದ ಮೊದಲನೇ ವಾರ ಒಂದು ಮೆಷಿನ್ನೂ ಬರಲಿಲ್ಲ. ಮಾವ ಗೋಡೆ ಮೇಲಿನ ಕ್ಯಾಲೆಂಡರ್ ಮಗುಚಿ, ಮೂರು ತಿಂಗಳ ಆಚೆ ಒಂದು ತಾರೀಕಿಗೆ ಕೆಂಪು ಸುತ್ತು ಹಾಕಿದ್ರು.

"ಅಲ್ಲೀತನಕ ನೋಡ್ತೀನಿ. ಜನ ಬರಲಿಲ್ಲ ಅಂದ್ರೆ ಬೀಗ ಹಾಕಿ ಮನೇಲಿರ್ತೀನಿ. ಹೇಗೂ ಈಗ ಪುರುಸೊತ್ತೋ ಪುರುಸೊತ್ತು" ಅಂದ್ರು.

ಆ ಪುರುಸೊತ್ತು ಇವರನ್ನ ತಿಂದುಹಾಕುತ್ತೆ ಅಂತ ನಂಗೆ ಗೊತ್ತಿತ್ತು. ಇಸ್ತ್ರಿಪೆಟ್ಟಿಗೆಯ ಚಿಂತೆಯೂ ಸ್ವಲ್ಪ ಇತ್ತು, ಇಲ್ಲ ಅನ್ನಲ್ಲ.

ಈಗ ನನ್ನ ಕೆಲಸದ ಬಗ್ಗೆ ಹೇಳಬೇಕು. ಜನ ಫೋನಲ್ಲಿ ಏನಾದರೂ ಹುಡುಕಿದಾಗ ನಮ್ಮ ಗಿರಾಕಿಗಳ ಬ್ಲಾಗು ಮೊದಲ ಪುಟದಲ್ಲಿ ಕಾಣೋ ಹಾಗೆ ಬರಹವನ್ನ ತಿದ್ದಿ ತೀಡಿ ಕೊಡೋದು. ಯಾವ ಪದ ಹಾಕಬೇಕು, ತಲೆಬರಹ ಎಷ್ಟು ಉದ್ದ ಇರಬೇಕು, ಎಲ್ಲದಕ್ಕೂ ನಮ್ಮ ಆಫೀಸಲ್ಲಿ ಲೆಕ್ಕ ಇದೆ. ಊರವರ ಬ್ಲಾಗನ್ನೆಲ್ಲ ಮೇಲೆ ತಂದವಳಿಗೆ ಮಾವನ ಅಂಗಡಿ ಯಾವ ಮಹಾ ಅಂತ ಒಂದು ಬ್ಲಾಗ್ ಶುರು ಮಾಡಿದೆ. 'ಗೃಹಬಳಕೆಯ ಹೊಲಿಗೆ ಯಂತ್ರಗಳ ಸಮಗ್ರ ನಿರ್ವಹಣೆ', 'ದಾರದ ಬಿಗಿತ ನಿಯಂತ್ರಣ: ಸಂಪೂರ್ಣ ಮಾಹಿತಿ'. ಒಂದು ತಿಂಗಳಲ್ಲಿ ಎಂಟು ಬರಹ. ಓದಿದವರು ಹನ್ನೊಂದು ಜನ. ಅದರಲ್ಲಿ ಆರು ಸಲ ನಾನೇ.

ಅತ್ತೆ ಅಂಗಡಿಯ ಮುಂದಿನ ಮೇಜಿನ ಹತ್ರ ಕೂರೋರು. ಮೆಷಿನ್ ಬಂದಾಗ ಏನಾಗಿದೆ ಅಂತ ಚೀಟಿ ಬರೆದು ಅದಕ್ಕೆ ಕಟ್ಟೋದು ಅವರ ಕೆಲಸ. ಒಂದಿನ ನನ್ನ ಬರಹ ಓದಿ ಕನ್ನಡಕ ತೆಗೆದು, "ಚೆನ್ನಾಗಿದೆ ಕಣಮ್ಮ. ಆದ್ರೆ ಹೀಗೆ ಯಾರು ಮಾತಾಡ್ತಾರೆ?" ಅಂದ್ರು.

ನಂಗೆ ಕೋಪ ಮೂಗಿನ ತುದೀಲೇ ಇರುತ್ತೆ. "ಅತ್ತೆ, ಇದೇ ಕೆಲಸಕ್ಕೆ ನಂಗೆ ಸಂಬಳ ಕೊಡ್ತಾರೆ" ಅಂದೆ.

"ಕೊಡ್ಲಿ, ಬೇಡ ಅಂದೋರ್ಯಾರು?" ಅಂದು ಅವರು ಮೇಜಿನ ಕೆಳಗಿಂದ ಒಂದು ಹಳೇ ಬಿಸ್ಕತ್ತು ಡಬ್ಬ ಎಳೆದು ನನ್ನ ಮುಂದಿಟ್ಟು, ಚಹಾ ಮಾಡೋಕೆ ಹೋದ್ರು.

ಡಬ್ಬದ ತುಂಬ ಹಳೇ ಚೀಟಿಗಳು. ಗಿರಾಕಿ ಬಾಯಲ್ಲಿ ಏನು ಬಂತೋ ಅದನ್ನ ಒಂದಕ್ಷರ ಬದಲಾಯಿಸದೆ ಬರೆಯೋದು ಅತ್ತೆಯ ಪದ್ಧತಿ. 'ಕೆಮ್ಮುತ್ತೆ.' 'ವಾರಕ್ಕೆ ನಾಲ್ಕು ಸೂಜಿ ತಿನ್ನುತ್ತೆ.' 'ಮೇಲೆ ನೋಡಿದ್ರೆ ಸರಿ ಇದೆ, ಕೆಳಗೆ ದಾರ ಗೂಡು ಕಟ್ಟುತ್ತೆ.' 'ನಾದಿನಿ ಬಂದು ಹೋದ್ಮೇಲೆ ಹೀಗಾಗಿದೆ.' ಓದ್ತಾ ಓದ್ತಾ ನಗು ಬಂತು, ಆಮೇಲೆ ನಾಚಿಕೆ ಆಯ್ತು. ಜನ ಏನಂತ ಹುಡುಕ್ತಾರೆ ಅನ್ನೋದನ್ನ ಕಂಡುಹಿಡಿಯೋಕೆ ನಮ್ಮ ಆಫೀಸಲ್ಲಿ ಐದು ಜನ ಕೂತು ತಲೆ ಕೆಡಿಸಿಕೊಳ್ತೀವಿ. ಇಲ್ಲಿ ಅದು ಡಬ್ಬದಲ್ಲಿ ತುಂಬಿತ್ತು. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗಾಯ್ತು ನನ್ನ ಕಥೆ.

ಅವತ್ತಿಂದ ಚೀಟಿಯೇ ತಲೆಬರಹ. 'ಹೊಲಿಗೆ ಮೆಷಿನ್ ಕೆಮ್ಮುತ್ತೆ, ಯಾಕೆ?' ಮಾವ ಹೇಳೋರು, ನಾನು ಬರೆಯೋಳು. ಎರಡನೇ ವಾರಕ್ಕೆ ದಿನಾ ಇನ್ನೂರು ಜನ, ನಾಲ್ಕನೇ ವಾರಕ್ಕೆ ಸಾವಿರ. ಹುಡುಕಿದ್ರೆ ನಾವೇ ಮೊದಲು. ಆಫೀಸಲ್ಲಿ ಎಲ್ಲರಿಗೂ ತೋರಿಸಿ ಮೆರೆದೆ.

ಅಂಗಡಿಗೆ ಮಾತ್ರ ಒಂದು ನೊಣವೂ ಬರಲಿಲ್ಲ.

ಯಾಕೆ ಅಂದ್ರೆ ಮಾವ ಮುಚ್ಚುಮರೆ ಇಲ್ಲದೆ ಎಲ್ಲಾನೂ ಹೇಳಿಕೊಟ್ಟುಬಿಡ್ತಿದ್ರು. ಜನ ಮನೇಲೇ ಸರಿ ಮಾಡ್ಕೊಂಡು 'ನಿಮ್ಮಿಂದ ತುಂಬಾ ಉಪಕಾರ ಆಯ್ತು' ಅಂತ ಬರೀತಿದ್ರು. ಮಾವ ಅದನ್ನ ಎರಡೆರಡು ಸಲ ಓದಿಸಿ ಕೇಳಿ ಖುಷಿಪಡೋರು. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ನಾನು ಒಳಗೊಳಗೇ ಬೈಕೊಂಡೆ. ಕೆಂಪು ಸುತ್ತಿಗೆ ಇಪ್ಪತ್ತೈದು ದಿನ ಉಳಿದಿತ್ತು.

"ಮಾವ, ಅರ್ಧ ಹೇಳೋಣ. ಇನ್ನರ್ಧಕ್ಕೆ ಅಂಗಡಿಗೆ ಬನ್ನಿ ಅಂತ ಹಾಕೋಣ. ಎಲ್ಲರೂ ಹಾಗೇ ಮಾಡೋದು."

"ಅರ್ಧ ಹೊಲಿದ ಅಂಗಿ ಕೊಟ್ರೆ ನೀನು ಹಾಕ್ಕೊಳ್ತೀಯಾ?" ಅಂದ್ರು. ಮಾತು ಅಲ್ಲಿಗೇ ಮುಗೀತು. ಎರಡು ದಿನ ನಾನು ಮುಖ ಊದಿಸಿಕೊಂಡಿದ್ದೆ, ಯಾರೂ ಗಮನಿಸಲಿಲ್ಲ.

ಹನ್ನೆರಡು ದಿನ ಇದ್ದಾಗ, ಒಂದು ಶನಿವಾರ ಮಧ್ಯಾಹ್ನ, ಒಬ್ಬ ಸ್ಕೂಲ್ ಟೀಚರ್ ಏದುಸಿರು ಬಿಡ್ತಾ ಮೆಟ್ಟಿಲು ಹತ್ತಿ ಬಂದ್ರು. ಪಕ್ಕದ ಬೀಗದ ಅಂಗಡಿಯವನು ದಾರಿ ತೋರಿಸಿದ್ನಂತೆ. ಒಂದು ಕೈಯಲ್ಲಿ ಮೆಷಿನ್, ಇನ್ನೊಂದರಲ್ಲಿ ನೀಲಿ ಬಕೆಟ್. ಬಕೆಟ್ ತುಂಬ ತಿರುಪು, ಬಿಲ್ಲೆ, ಸ್ಪ್ರಿಂಗು.

ಅತ್ತೆ ಪೆನ್ನು ತಗೊಂಡು, "ಏನಾಗಿದೆ ಹೇಳಿ" ಅಂದ್ರು.

"ನಿಮ್ಮ ಬ್ಲಾಗ್ ನೋಡಿ ಬಿಚ್ಚಿದೆ. ಜೋಡಿಸಕ್ಕೆ ಬರ್ತಿಲ್ಲ. ಒಂದು ಸ್ಪ್ರಿಂಗ್ ಮಿಕ್ಕಿದೆ."

ಅತ್ತೆ ಹಾಗೇ ಬರೆದು ಕಟ್ಟಿದ್ರು. ಮಾವ ಬಕೆಟ್ಟಿಗೆ ಕೈ ಹಾಕಿದ ರೀತಿ ನೋಡಬೇಕಿತ್ತು ನೀವು, ಹಸಿದವನ ಮುಂದೆ ತಟ್ಟೆ ಇಟ್ಟ ಹಾಗಿತ್ತು. ಮುಂದಿನ ನಾಲ್ಕು ದಿನದಲ್ಲಿ ಇನ್ನೂ ಮೂರು ಮೆಷಿನ್ ಬಂದವು. ಒಂದರ ಸಾಮಾನು ಚಪ್ಪಲಿ ಡಬ್ಬದಲ್ಲಿ, ಇನ್ನೊಂದರದ್ದು ದಿಂಬಿನ ಚೀಲದಲ್ಲಿ, ಮೂರನೇದು ಊಟದ ಡಬ್ಬಿಯಲ್ಲಿ. ಎಲ್ಲರದ್ದೂ ಒಂದೇ ದೂರು. ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಊಟದ ಡಬ್ಬಿಯವರನ್ನ ಮಾವ ಕೇಳಿದ್ರು, "ಬಿಚ್ಚುವಾಗ ಒಂದು ಬಟ್ಟೆ ಹಾಸಿ, ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟಿರಲಿಲ್ವಾ?"

"ಹಾಗಂತ ಎಲ್ಲೂ ಬರೆದಿರಲಿಲ್ಲವಲ್ಲ."

ಮಾವ ನಿಧಾನಕ್ಕೆ ನನ್ನ ಕಡೆ ತಿರುಗಿದ್ರು. ಬರೆಸುವಾಗ ಅವರು ಏಳು ಹಂತ ಹೇಳಿದ್ರು. ಏಳು ಅಂದ್ರೆ ಓದೋರಿಗೆ ಬೇಜಾರು, ಐದಿದ್ರೆ ಮೇಲೆ ಬರುತ್ತೆ ಅಂತ ನಮ್ಮ ಆಫೀಸಿನ ಲೆಕ್ಕ. ಬಟ್ಟೆ ಹಾಸೋದು, ಸಾಲಾಗಿ ಇಡೋದು, ಇದನ್ನೂ ಬರೀಬೇಕಾ ಅಂತ ನಾನೇ ಎರಡನ್ನೂ ಹೊಡೆದುಹಾಕಿದ್ದೆ. ಗಿರಾಕಿ ಹೋದ ಮೇಲೆ ಒಪ್ಪಿಕೊಂಡೆ. ಒಪ್ಪಿಕೊಂಡು ಸುಮ್ಮನಿರಬೇಕಿತ್ತು, ಇರಲಿಲ್ಲ.

"ಆದ್ರೆ ಮಾವ, ಆ ತಪ್ಪಿಂದ ತಾನೇ ಜನ ಬರ್ತಿರೋದು. ಇನ್ನೊಂದು ಎಂಟು ದಿನ ಹಾಗೇ ಇರಲಿ. ಕೆಂಪು ಸುತ್ತು ದಾಟಲಿ."

ಮಾವ ಸ್ಕ್ರೂಡ್ರೈವರ್ ಕೆಳಗಿಟ್ರು. ದನಿ ಏರಿಸಲಿಲ್ಲ. "ಕೆಟ್ಟ ಮೆಷಿನ್ ಬಂದ್ರೆ ನಾನು ರಿಪೇರಿಯವನು. ನಾನೇ ಕೆಡಿಸಿ ತರಿಸಿಕೊಂಡ್ರೆ ನಾನ್ಯಾರಮ್ಮ?"

ಅಲ್ಲೇ ಕೂತು ಏಳೂ ಹಂತ ವಾಪಸ್ ಹಾಕಿದೆ. ಹಾಕುವಾಗ ಕಣ್ಣಲ್ಲಿ ನೀರು ಬಂತು. ತಿದ್ದಿದ ಮೇಲೆ ಯಾರು ಬರ್ತಾರೆ? ಮತ್ತೆ ಕಿಟಕಿ, ಮತ್ತೆ ತೊಡೆ ಮೇಲೆ ಆ ಎರಡು ಕೈ.

"ತಿದ್ದಿದ್ರೆ ಸಾಲದು, ಹೇಳಬೇಕು. ಬರ್ಕೋ" ಅಂದ್ರು ಅತ್ತೆ. ಅವರು ಹೇಳಿದ್ದನ್ನ ಅವರ ಚೀಟಿಯ ಹಾಗೇ ಒಂದಕ್ಷರ ಬದಲಾಯಿಸದೆ ಹಾಕಿದೆ:

'ಬಿಚ್ಚಿದೆ, ಜೋಡಿಸಕ್ಕೆ ಬರ್ತಿಲ್ಲ ಅಂತ ನಾಲ್ಕು ಜನ ಬಂದಿದ್ರು. ಎರಡು ಹಂತ ಬಿಟ್ಟುಹೋಗಿತ್ತು, ತಪ್ಪು ನಮ್ಮ ಸೊಸೇದು. ಹುಡುಗಿ ಒಳ್ಳೆಯವಳು, ಅವಸರ ಜಾಸ್ತಿ. ನಿಮ್ಮದೂ ಹಾಗಾಗಿದ್ರೆ ಯಾವುದರಲ್ಲಿ ಹಾಕ್ಕೊಂಡು ಬಂದ್ರೂ ಸರಿ, ಕೂಲಿ ಇಲ್ಲದೆ ಜೋಡಿಸಿಕೊಡ್ತೀವಿ. ಮುಂದಿನ ಬಾಗಿಲು ಮುಚ್ಚಿದೆ, ನಾವು ಮುಚ್ಚಿಲ್ಲ. ಬೀಗದ ಅಂಗಡಿ ಪಕ್ಕದ ಸಂದಿಯಲ್ಲಿ ಬಂದು ಹದಿನಾಲ್ಕು ಮೆಟ್ಟಿಲು ಹತ್ತಿ. ಏಳನೇದು ಸ್ವಲ್ಪ ಅಲ್ಲಾಡುತ್ತೆ, ಜೋಪಾನ.'

ನಮ್ಮ ಆಫೀಸಿನ ಒಂದು ಲೆಕ್ಕವೂ ಅದರಲ್ಲಿರಲಿಲ್ಲ. ನಾನು ಆಸೆ ಬಿಟ್ಟಿದ್ದೆ. ಆದ್ರೆ ಓದಿದವರು ಅದನ್ನ ಓರಗಿತ್ತಿಗೆ, ಪಕ್ಕದ ಮನೆಯವರಿಗೆ, ಬಾಣಂತಿ ಮಗಳಿಗೆ ಕಳಿಸಿದ್ರು. 'ಅಯ್ಯೋ, ಇವರು ಇನ್ನೂ ಇದ್ದಾರಾ' ಅಂತ ಹಳೇ ಗಿರಾಕಿಗಳು ಬರೆದ್ರು. ಮುಂದಿನ ಬಾಗಿಲು ನೋಡಿ ವಾಪಸ್ ಹೋದವರೇ ಎಷ್ಟೋ ಜನ. ನನ್ನ ಎಂಟು ಸಮಗ್ರ ಬರಹದಲ್ಲೂ, ಆಮೇಲಿನ ಚೀಟಿ ಬರಹದಲ್ಲೂ ದಾರಿ ಹೇಳೋದನ್ನೇ ನಾನು ಮರೆತಿದ್ದೆ ನೋಡಿ.

ಕೆಂಪು ಸುತ್ತಿನ ದಿನ ಆಫೀಸಲ್ಲಿ ಕೆಲಸ ಸಾಗಲಿಲ್ಲ. ಮೂರು ಗಂಟೆಗೇ ಎದ್ದು ಹೋದೆ. ಸಂದಿಯಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಮೆಟ್ಟಿಲ ಮೇಲೆ ಜನ ಮಡಿಲಲ್ಲಿ ಮೆಷಿನ್ ಇಟ್ಕೊಂಡು ಕೂತಿದ್ರು. ನೀಲಿ ಬಕೆಟ್ಟಿನ ಟೀಚರ್ ಸ್ಕೂಲಿನ ಐದು ಮೆಷಿನ್ ತಂದು ಸಾಲಲ್ಲಿ ನಿಂತಿದ್ರು. ಏಳನೇ ಮೆಟ್ಟಿಲನ್ನ ಯಾರೋ ಪುಣ್ಯಾತ್ಮ ಮೊಳೆ ಹೊಡೆದು ಗಟ್ಟಿ ಮಾಡಿದ್ದ.

ಒಳಗೆ ಹೋಗಿ ಮೊದಲು ಗೋಡೆ ನೋಡಿದೆ. ಕ್ಯಾಲೆಂಡರ್ ಕಾಣಲಿಲ್ಲ. ಅತ್ತೆ ಅದೇ ಮೊಳೆಗೆ ಚೀಟಿಗಳ ಗೊಂಚಲು ನೇತುಹಾಕಿದ್ರು, ಇಡೀ ತಿಂಗಳು ಅದರ ಹಿಂದೆ ಮುಚ್ಚಿಹೋಗಿತ್ತು.

"ಮಾವ, ಇವತ್ತು ತಾರೀಕು ಎಷ್ಟು ಗೊತ್ತಾ?"

ಮಾವ ತಲೆ ಎತ್ತಲಿಲ್ಲ. ತುಟಿ ಮಧ್ಯೆ ಒಂದು ತಿರುಪು, ಕೈಯಲ್ಲಿ ಇನ್ನೊಂದು, ಬೆರಳೆಲ್ಲ ಎಣ್ಣೆ.

"ಅಲ್ಲೇ ಎಲ್ಲೋ ಇದೆ, ನೀನೇ ನೋಡ್ಕೊಳಮ್ಮ" ಅಂದ್ರು. "ನಂಗೆ ಪುರುಸೊತ್ತಿಲ್ಲ."