ಹೊಟ್ಟು ಉದುರಿದ ಕೋಟೆ

ಬಿದಿರಿಗೆ ಸುತ್ತಿದ್ದ ಪರದೆಯ ಹಗ್ಗ ಬಿಚ್ಚಿದ್ದೇ ತಡ, ಮೇಲಿನಿಂದ ಜರಜರನೆ ಭತ್ತದ ಹೊಟ್ಟು ಸುರಿಯಿತು. ಕೆಳಗೆ ನಿಂತಿದ್ದ ಉಜ್ಜನಪ್ಪನ ತಲೆ, ಮೀಸೆ, ಹೆಗಲ ಮೇಲಿನ ವಲ್ಲಿ ಎಲ್ಲ ಹೊಟ್ಟೇ ಹೊಟ್ಟು. ಹರಿಹರದ ನಾಟಕದ ಟೆಂಟಿನಲ್ಲಿದ್ದ ನಟರು ಬಿದ್ದು ಬಿದ್ದು ನಕ್ಕರು.

"ಏನೋ ಉಜ್ಜನಪ್ಪ, ಕೋಟೆ ತರ್ತೀನಿ ಅಂದೋನು ಕಣಾನೇ ತಂದೀಯಲ್ಲ," ಎಂದರು ಕಂಪನಿ ಮಾಲೀಕ ಬಕ್ಕೇಶಪ್ಪ.

ಉಜ್ಜನಪ್ಪ ಮೀಸೆಯ ಮೇಲಿನ ಹೊಟ್ಟು ಕೊಡವಿಕೊಂಡ. ದಾವಣಗೆರೆಯಲ್ಲಿ ಅಂಗಡಿ ಬೋರ್ಡು ಬರೆಯುವವನು ಅವನು. ಮೊದಲು ಹಲಗೆಯ ಮೇಲೆ ಕೋಟೆ ಬರೆದು ತೋರಿಸಿದಾಗ ಬಕ್ಕೇಶಪ್ಪ, "ಇದ್ರಾಗೆ ಕಲ್ಲು ಎಲ್ಲೈತೋ? ಇಸ್ತ್ರಿ ಹೊಡೆದ ಧೋತ್ರ ಇದ್ದಂಗೈತೆ" ಎಂದಿದ್ದರು. ಈ ಸಲವೂ ಕೆಟ್ಟರೆ ಕಂಪನಿಯ ಪರದೆಗಳೆಲ್ಲ ಹುಬ್ಬಳ್ಳಿಯ ಪರದೆ ಬರೆಯುವವನ ಪಾಲು; ಉಜ್ಜನಪ್ಪನಿಗೆ ಸಾಯುವ ತನಕ ಸೋಡಾ ಅಂಗಡಿಯ ಬೋರ್ಡೇ ಗತಿ.

ಅದಕ್ಕೇ ಮಂಡಕ್ಕಿ ಭಟ್ಟಿಯಿಂದ ಮೂಟೆ ಹೊಟ್ಟು ಹೊತ್ತು ತಂದಿದ್ದ. ಕಪ್ಪು ಬಳಿದ ಬಟ್ಟೆಗೆ ಅದನ್ನು ಅಂಟು ಹಾಕಿ ಮೆತ್ತಿ, ಮೇಲೆ ದಪ್ಪಗೆ ಸುಣ್ಣ, ಬಣ್ಣ ಬಳಿದಿದ್ದ. ಒಣಗಿದಾಗ ಕೈ ತರಚುವಂಥ ಗೋಡೆ. ಆದರೆ ಬೋರ್ಡು ಬರೆಯುವವನಿಗೆ ಪರದೆಯನ್ನು ಸುತ್ತಿ ಒಯ್ಯಬೇಕೆಂಬುದು ಎಲ್ಲಿ ಹೊಳೆಯಬೇಕು? ಸುತ್ತುವಾಗಲೇ ಚಟಪಟ ಅಂದಿತ್ತು. ಒಂಬತ್ತು ಮೈಲಿ ಎತ್ತಿನ ಗಾಡಿಯ ಕುಲುಕಾಟ ಉಳಿದದ್ದನ್ನು ಮುಗಿಸಿತ್ತು.

"ಸುತ್ತಿಬಿಡ್ತೀನ್ರಿ ಮಾಲೀಕ್ರೆ. ಹೊಳೆಗೆ ಒಗೆದು ಊರಿಗೆ ಹೋಗ್ತೀನಿ."

"ತಡಿಯಪ್ಪ, ಹೊತ್ತು ಮುಳುಗ್ತಾ ಐತೆ. ನಗೋದಾದ್ರೂ ಬೆಳಕಿನಾಗೆ ನಗಾನ."

ಸಣ್ಣತಿಮ್ಮಪ್ಪ ಪೆಟ್ರೋಮ್ಯಾಕ್ಸ್ ಹಚ್ಚಿ ತಂದ. ಆನಗೋಡಿನ ಕಡೆ ಇಪ್ಪತ್ತು ವರ್ಷ ಕಲ್ಲು ಒಡೆದು, ಈಗ ಕಂಪನಿಯಲ್ಲಿ ಪರದೆ ಎಳೆಯುವ ಮುದುಕ. ದೀಪವನ್ನು ಪರದೆಯ ಪಕ್ಕದಲ್ಲೇ ಇಟ್ಟ. ಬೆಳಕು ಬಟ್ಟೆಯ ಮೇಲೆ ಓರೆಯಾಗಿ ಹರಿಯಿತು.

ನಗು ಅವರವರ ಬಾಯಲ್ಲೇ ನಿಂತಿತು. ಹೊಟ್ಟು ಕಿತ್ತುಬಂದ ಕಡೆಯೆಲ್ಲ ಸುಣ್ಣದಲ್ಲಿ ಸಣ್ಣ ಸಣ್ಣ ಗುಳಿ, ಗುಳಿಗೊಂದು ನೆರಳು. ಸಾವಿರ ಮಳೆಗಾಲ ನೆಕ್ಕಿದ, ಸಾವಿರ ಬೇಸಿಗೆ ಸುಟ್ಟ ಕಲ್ಲು ಅಲ್ಲಿ ಎದ್ದು ನಿಂತಿತ್ತು.

ಸಣ್ಣತಿಮ್ಮಪ್ಪ ಹತ್ತಿರ ಹೋಗಿ ಅಂಗೈ ಚಾಚಿದ. ಮುಟ್ಟಲಿಲ್ಲ. "ಇದಕ್ಕೆ ಉಳಿ ಇಡಾಕೆ ಬರಾಂಗಿಲ್ಲ," ಎಂದ, ತನ್ನಷ್ಟಕ್ಕೆ. "ಬಾಳ ಹಳೇ ಕಲ್ಲು."

"ಹೆಂಗ್ ಮಾಡಿದ್ಯೋ ಇದನ್ನ?" ಬಕ್ಕೇಶಪ್ಪನ ದನಿ ಗುಡಿಯೊಳಗಿನ ದನಿಯಾಗಿತ್ತು.

"ನಾನ್ ಮಾಡಿಲ್ರಿ. ಗಾಡಿ ಮಾಡಿದ್ದು."

ಯಾರೂ ನಗಲಿಲ್ಲ. ಉಜ್ಜನಪ್ಪ ಹತ್ತಿರ ಹೋದ: ಬಟ್ಟೆ, ಅಂಟು, ತೂತು. ಹತ್ತು ಹೆಜ್ಜೆ ಹಿಂದೆ ಬಂದ: ಕೋಟೆ. ಮತ್ತೆ ಹೋದ, ಮತ್ತೆ ಬಂದ. ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡ.

"ಇನ್ನ ಇದನ್ನ ಯಾರೂ ಸುತ್ತಬ್ಯಾಡ್ರಿ," ಎಂದರು ಬಕ್ಕೇಶಪ್ಪ. "ಉಳಿದ ಪರದೆ ಬರೆಯಾಕೆ ನಾಳೆ ಬಾರಪ್ಪ."

ಉಜ್ಜನಪ್ಪನಿಗೆ ಅದು ಕೇಳಿಸಿತೋ ಇಲ್ಲವೋ. ಆಗ ಹೊಳೆಯ ಕಡೆಯಿಂದ ಗಾಳಿ ಬಂತು. ಅಷ್ಟು ದೊಡ್ಡ ಕೋಟೆ ಬುಡದಿಂದ ಗೋಡೆಯ ತುದಿಯ ತೆನೆಗಳವರೆಗೆ ಮೆಲ್ಲಗೆ ಉಬ್ಬಿ, ಉಸಿರು ಬಿಟ್ಟಂತೆ ಮತ್ತೆ ತಗ್ಗಿತು. ಟೆಂಟಿನಲ್ಲಿದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು.