ದಾರದಕ್ಕನ ಚಿಮಣಿ

ಅವಳನ್ನು ಎಲ್ಲರೂ ದಾರದಕ್ಕ ಅಂತಲೇ ಕರೆಯುತ್ತಿದ್ದರು. ಗಾರೆ ಕೆಲಸದಲ್ಲಿ ಕೈ ಎಷ್ಟು ಪಳಗಿತ್ತೋ, ನಾಲಿಗೆ ಅದಕ್ಕಿಂತ ಒಂದು ಕೈ ಮೇಲು. ಗೋಡೆ ಏಳುವ ಕಡೆಯೆಲ್ಲ ದಾರದ ತುದಿಗೆ ಕಟ್ಟಿದ ಹಿತ್ತಾಳೆಯ ತೂಗುಗುಂಡನ್ನು ಇಳಿಬಿಡುವಳು. ಅಂದಾಜಿನ ಮೇಲೆ ಇಟ್ಟಿಗೆ ಇಡುವವರು ಕಂಡರೆ, "ನಿನ್ನ ಕಣ್ಣು ನಿನ್ನ ಹೆಂಡತಿಗೆ ಚೆಂದ, ಗೋಡೆಗೆ ದಾರವೇ ಚೆಂದ" ಅನ್ನುವಳು. ಗಂಡ ಕೆಳಗೆ ಗಾರೆ ಕಲಸಿ ಕೊಡುತ್ತಿದ್ದ, ಅವಳು ಮೇಲೆ ಕಟ್ಟುತ್ತಿದ್ದಳು. "ಮನೆಯಲ್ಲೂ ಹೀಗೇನೇ, ನಾನು ಕೆಳಗೆ" ಎಂದು ಅವನೇ ನಗುತ್ತಿದ್ದ.

ಬೇಕರಿಯ ಹಿತ್ತಲಲ್ಲಿ ಹೊಸ ಒಲೆಗೆ ಇಟ್ಟಿಗೆಯ ಚಿಮಣಿ ಎಬ್ಬಿಸುತ್ತಿದ್ದ ದಿನಗಳವು. ಅವಳಿಗೆ ಒಂದು ನೆಗಡಿ ಬಂತು, ಹೋಯಿತು. ಹೋಗುವಾಗ ಸುಮ್ಮನೆ ಹೋಗಲಿಲ್ಲ. ಒಂದು ಬೆಳಿಗ್ಗೆ ದಿಂಬಿನಿಂದ ತಲೆ ಎತ್ತಿದಳೋ ಇಲ್ಲವೋ, ಸೂರು ಬೀಸುಕಲ್ಲಿನ ಹಾಗೆ ಗಿರ್ರನೆ ತಿರುಗಿತು. ಮಂಚ ಹಿಡಿದುಕೊಂಡರೆ ಮಂಚವೇ ಓಡುತ್ತಿತ್ತು. ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂತು. ನಾದಿನಿ ಓಡಿ ಬಂದು ಕಿಟಕಿಗೆ ಪರದೆ ಎಳೆದಳು. "ಅಲ್ಲಾಡಬೇಡಿ ಅತ್ತಿಗೆ, ಕಲ್ಲಿನ ಹಾಗೆ ಮಲಗಿರಿ."

ಕೆಲವು ದಿನ ಕಲ್ಲಾಗಿಯೇ ಮಲಗಿದಳು. ತಿರುಗುವುದು ತಗ್ಗಿದ್ದೇ ತಡ, ಯಾರ ಮಾತೂ ಕೇಳದೆ ಕೆಲಸಕ್ಕೆ ಹೊರಟಳು. ನೋಡಿದರೆ, ತಾನೇ ಕಟ್ಟಿದ ಚಿಮಣಿ ಎಡಕ್ಕೆ ವಾಲಿತ್ತು! ಗುಂಡು ಇಳಿಬಿಟ್ಟಳು. ದಾರವೂ ಎಡಕ್ಕೇ ವಾಲಿತ್ತು.

"ಹಾಳಾದ ಗಾಳಿ, ದಾರವನ್ನ ಎಳೀತಿದೆ" ಅಂದಳು.

"ಗಾಳಿ ಎಲ್ಲಿದೆಯೇ? ಎಲೆ ಕೂಡ ಅಲ್ಲಾಡ್ತಿಲ್ಲ" ಅಂದ ಗಂಡ.

"ನೀವು ಗಾರೆ ನೋಡ್ಕೊಳ್ಳಿ."

ಹುಟ್ಟಿದಾಗಿನಿಂದ ದಾರವನ್ನೇ ನಂಬಿದ ಹೆಂಗಸು ಅಂದು ದಾರವನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕಣ್ಣಳತೆಯ ಮೇಲೆ ಸಾಲು ಕಟ್ಟಿದಳು. ಸಂಜೆ ಗುತ್ತಿಗೆದಾರ ಬಂದು ರಸಮಟ್ಟ ಇಟ್ಟ. ಗಾಜಿನ ಕೊಳವೆಯ ಗುಳ್ಳೆ ನಡುವೆ ನಿಲ್ಲದೆ ಮೂಲೆಗೆ ಓಡಿತು.

"ಏನು ದಾರದಕ್ಕ, ಚಿಮಣಿಗೆ ನಿದ್ದೆ ಬಂದಿದೆಯಾ? ಒರಗ್ತಾ ಇದೆ." ಆಮೇಲೆ ದನಿ ತಗ್ಗಿಸಿದ. "ಬೇಕರಿಯವರು ಬಹಳ ದಿನ ಕಾಯಲ್ಲ. ನಿಮ್ಮ ಕೈಲಿ ಆಗದಿದ್ರೆ ಮೇಲಕ್ಕೆ ಬೇರೆಯವರನ್ನ ಹತ್ತಿಸ್ತೀನಿ. ನೀವು ಕೆಳಗೆ ಗಾರೆ ಕಲಸ್ಕೊಂಡಿರಿ."

ಕಟ್ಟಿದ ಕೈಯಿಂದಲೇ ಕೆಡವಿದಳು. ಒಂದೊಂದು ಇಟ್ಟಿಗೆ ಕಿತ್ತಾಗಲೂ ಹಲ್ಲು ಕಿತ್ತ ಹಾಗಾಯಿತು.

ಮರುದಿನ ಗಂಡ ಅವಳನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವರೂ ಹೆಂಗಸೇ. "ನನ್ನ ಮೂಗನ್ನೇ ನೋಡ್ತಿರಿ" ಅಂದವರು, ಅವಳ ತಲೆ ಹಿಡಿದು ಫಕ್ಕನೆ ತಿರುಗಿಸಿದರು. ಎಡಕ್ಕೆ ತಿರುಗಿಸಿದಾಗೆಲ್ಲ ಅವಳ ನೋಟ ಡಾಕ್ಟರ ಮೂಗಿನಿಂದ ಜಾರುತ್ತಿತ್ತು.

"ಎರಡು ಕಿವಿಯೊಳಗೂ ಒಂದೊಂದು ರಸಮಟ್ಟ ಇದೆ ಅಂದ್ಕೊಳ್ಳಿ. ನೆಗಡಿ ಬಂದಾಗ ಎಡಗಡೆಯ ನರಕ್ಕೆ ಪೆಟ್ಟು ಬಿದ್ದಿದೆ. ಬಲಗಡೆಯದು ಒಂದು ಹೇಳುತ್ತೆ, ಎಡಗಡೆಯದು ಬಾಯೇ ಬಿಡಲ್ಲ. ಮೆದುಳು ಯಾರ ಮಾತು ಕೇಳ್ಬೇಕು ಹೇಳಿ?"

"ಹಾಗಾದ್ರೆ ಆ ಗಾಳಿ..."

"ನಿಮ್ಮ ಕಿವಿಯೊಳಗೇ ಬೀಸಿದ್ದು."

"ಮಲಗಿದ್ರೆ ಹೋಗುತ್ತಾ ಡಾಕ್ಟ್ರೇ?"

"ಮೊದಲ ದಿನಗಳಲ್ಲಿ ಮಲಗಿದ್ದು ಸರಿ. ಇನ್ನೂ ಮಲಗಿದ್ರೆ ಮೆದುಳೂ ಮಲಗಿಬಿಡುತ್ತೆ. ಕೈ ಮುಂದೆ ಚಾಚಿ ಹೆಬ್ಬೆರಳು ನೋಡ್ತಾ ತಲೆ ಆಡಿಸಿ. ತಿರುಗುತ್ತೆ, ವಾಕರಿಕೆ ಬರುತ್ತೆ, ಆದ್ರೂ ಬಿಡಬೇಡಿ. ಪೂರ್ತಿ ಮೊದಲಿನ ಹಾಗೆ ಆಗುತ್ತೆ ಅಂತ ಮಾತು ಕೊಡಲ್ಲ. ಆದ್ರೆ ಅದರ ಜೊತೆ ಬಾಳೋದನ್ನ ಕಲೀತೀರಿ."

ಹೆಬ್ಬೆರಳು ಅವಳಿಗೆ ಒಗ್ಗಲಿಲ್ಲ, ನಡುಗುತ್ತಿತ್ತು. ಬಾಗಿಲಿನ ಮೇಲ್ಪಟ್ಟಿಗೆ ತನ್ನ ತೂಗುಗುಂಡನ್ನೇ ನೇತುಹಾಕಿ, ಅದರ ತುದಿಯ ಮೇಲೆ ಕಣ್ಣಿಟ್ಟು ತಲೆಯನ್ನು ಆಚೆ ಈಚೆ ಆಡಿಸತೊಡಗಿದಳು.

"ಏನೇ ಕೇಳ್ತಿದೆ ಆ ಗುಂಡು? ಬೇಡ ಬೇಡ ಅಂತಿದ್ದೀಯಲ್ಲ" ಅಂದ ಗಂಡ.

"ಗಂಡನ್ನ ಬಿಟ್ಟು ಬರ್ತೀಯಾ ಅಂತ ಕೇಳ್ತಿದೆ." ಆಮೇಲೆ ತಲೆಯನ್ನು ಮೇಲೆ ಕೆಳಗೆ ಆಡಿಸುವ ಸರದಿ ಬಂತು.

"ಅಯ್ಯೋ, ಒಪ್ಪಿಬಿಟ್ಯಲ್ಲೇ!"

ನಗು ಬಂದು ತಲೆ ಇನ್ನಷ್ಟು ತಿರುಗಿತು. ಹೊಟ್ಟೆ ತೊಳಸಿದಾಗ ಹೊಸ್ತಿಲ ಮೇಲೆ ಕೂರುವಳು, ತಣ್ಣಗಾದ ಮೇಲೆ ಮತ್ತೆ ಏಳುವಳು. ಬೀದಿಯ ಕಲ್ಲುಹಾಸಿನ ಗೆರೆಯ ಮೇಲೆ ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಹೆಬ್ಬೆರಳು ತಾಗಿಸಿ ನಡೆಯುವಳು. "ಬೆಳಿಗ್ಗೆ ಬೆಳಿಗ್ಗೆಯೇ ಹಾಕಿದ್ದೀಯಾ?" ಎಂದು ಪಕ್ಕದ ಮನೆಯವಳು ಕೆಣಕಿದಳು. "ಕುಡಿದಿರೋದು ಕಿವಿ ಕಣೇ, ನಾನಲ್ಲ!" ಮೊದಮೊದಲು ದಾರ ಎಡಕ್ಕೇ ವಾಲುತ್ತಿತ್ತು. ಬರಬರುತ್ತ ನೆಟ್ಟಗಾಯಿತು. ದಾರ ಮೊದಲಿಂದಲೂ ನೆಟ್ಟಗೇ ಇತ್ತು ಅನ್ನಿ.

ಡಾಕ್ಟರು ಮತ್ತೆ ಪರೀಕ್ಷೆ ಮಾಡಿ ಒಪ್ಪಿಗೆ ಕೊಟ್ಟರು. ಸೊಂಟಕ್ಕೆ ಬೆಲ್ಟು ಬಿಗಿದಿರಬೇಕು, ಕತ್ತಲಾಗುವ ಮೊದಲು ಇಳಿಯಬೇಕು. ಕತ್ತಲಲ್ಲಿ ಕಣ್ಣಿನ ಆಸರೆ ತಪ್ಪಿದರೆ ಕಿವಿ ಮತ್ತೆ ಮೋಸ ಮಾಡೀತು ಅಂದರು. ಗುತ್ತಿಗೆದಾರ ಅಷ್ಟು ಹೊತ್ತಿಗೆ ಬೇರೊಬ್ಬ ಮೇಸ್ತ್ರಿಗೆ ಹೇಳಿ ಕಳಿಸಿದ್ದ, ಅವನೂ ಚೀಲ ಹಿಡಿದು ಬಂದು ಕಾಯುತ್ತಿದ್ದ. ದಾರದಕ್ಕ ಗುತ್ತಿಗೆದಾರನ ಮುಂದೆಯೇ ಬೆಲ್ಟು ಬಿಗಿದು, "ನನ್ನ ಕೈಲಾಗಲ್ಲ ಅಂದ್ರೆ ಸಂಜೆ ನಾನೇ ಕರಣೆ ಬಿಟ್ಟು ಗಾರೆ ಕಲಸೋ ಸನಿಕೆ ಹಿಡೀತೀನಿ" ಎಂದು ಕೆಲಸದ ಅಟ್ಟಣಿಗೆ ಹತ್ತಿದಳು.

ಸಾಲು ಸಾಲಾಗಿ ಚಿಮಣಿ ಏರಿತು. ಕೊನೆಯ ಸಾಲಿನ ಹೊತ್ತಿಗೆ ಕೆಳಗಿನಿಂದ ಯಾರೋ ಕೂಗಿದರು, ಅವಳು ಸರಕ್ಕನೆ ತಿರುಗಿದಳು. ಅಷ್ಟೇ, ಆಕಾಶ ಜಾರಿತು. ಚಿಮಣಿ ಎಡಕ್ಕೆ ಬಾಗಿತು. ಇಟ್ಟಿಗೆಯನ್ನು ಬಲಕ್ಕೆ ಸರಿಸಲು ಕೈ ತಾನಾಗಿ ಮೇಲೆದ್ದಿತು.

"ಇಳಿದು ಬಾರೇ!" ಗಂಡ ಸನಿಕೆ ಎಸೆದು ಕೂಗಿದ.

ಅವಳು ಇಳಿಯಲಿಲ್ಲ, ಇಟ್ಟಿಗೆ ಮುಟ್ಟಲಿಲ್ಲ. ಹಲಗೆಯ ಮೇಲೆ ಕೂತು, ಕಂಬಿ ಹಿಡಿದು, ಇಳಿಬಿಟ್ಟಿದ್ದ ಗುಂಡಿನ ತುದಿಯನ್ನೇ ದಿಟ್ಟಿಸಿದಳು. ತಲೆ ಏನು ಬೇಕಾದರೂ ಹೇಳಿಕೊಳ್ಳಲಿ. ಮನೆಯಲ್ಲಿ ಸುಳ್ಳು ಹೇಳುವವರೊಬ್ಬರಿದ್ದರೆ ಅವರನ್ನು ಆಚೆಗೆ ಹಾಕಲಾಗುತ್ತದೆಯೇ? ಅವರ ಮಾತು ನಂಬಿ ಗೋಡೆ ಕಟ್ಟದಿದ್ದರಾಯಿತು. ಆಕಾಶ ಮೆಲ್ಲಗೆ ತನ್ನ ಜಾಗಕ್ಕೆ ಬಂದು ಕೂತಿತು.

"ಗಾರೆ ಕಳಿಸ್ರೀ, ಬಾಯಿ ನೋಡ್ತಾ ನಿಂತ್ರೆ ಒಣಗುತ್ತೆ!"

ದಾರಕ್ಕೆ ಸರಿಯಾಗಿ ಕೊನೆಯ ಇಟ್ಟಿಗೆ ಕೂರಿಸಿ, ಕರಣೆಯ ಹಿಡಿಯಿಂದ ಟಕ್ ಎಂದು ತಟ್ಟಿದಳು. ಗುತ್ತಿಗೆದಾರ ಹತ್ತಿ ಬಂದು ರಸಮಟ್ಟ ಇಟ್ಟ. ಗುಳ್ಳೆ ನಟ್ಟನಡುವೆ ನಿಂತಿತು. ಆ ಮಗ್ಗುಲು, ಈ ಮಗ್ಗುಲು, ಎಲ್ಲ ಮಗ್ಗುಲಿಗೂ ಇಟ್ಟು ನೋಡಿದ. ಗುಳ್ಳೆ ಅಲ್ಲಾಡಲಿಲ್ಲ. ನಂಬಲಾರದೆ ಅವನು ತಲೆ ಆಡಿಸಿದ.

"ಹುಷಾರಪ್ಪಾ, ಹಾಗೆ ಆಡಿಸಿದ್ರೆ ತಿರುಗುತ್ತೆ" ಅಂದಳು ದಾರದಕ್ಕ. ಕೆಳಗಿದ್ದವರೆಲ್ಲ ಗೊಳ್ಳೆಂದು ನಕ್ಕರು. ಕಾಯುತ್ತಿದ್ದ ಹೊಸ ಮೇಸ್ತ್ರಿಯೂ ನಕ್ಕು, ತನ್ನ ಚೀಲ ಹೆಗಲಿಗೇರಿಸಿಕೊಂಡ.

ಬೆಳಕಿರುವಾಗಲೇ ಒಂದೊಂದು ಮೆಟ್ಟಿಲನ್ನೂ ಕಣ್ಣಲ್ಲಿ ಅಳೆದು ಇಳಿದಳು. ನೆಲಕ್ಕೆ ಕಾಲಿಟ್ಟಾಗ ಗಂಡ ಮೊಣಕೈ ಹಿಡಿದ.

"ತಿರುಗ್ತಿದೆಯಾ?"

"ಒಂಚೂರು. ತಿರುಗಲಿ ಬಿಡಿ" ಅಂದಳು, ಚಿಮಣಿಯ ತುದಿ ನೋಡುತ್ತ. "ಅದು ನಿಂತಿದೆಯಲ್ಲ!"