ಎರಡೂವರೆ ಮಿಲಿ

ತಮಿಳು ಸೀಮೆಯ ಮೇಚೇರಿಯ ಸಂತೆಬೀದಿಯಲ್ಲಿ ಪಳನಿಸ್ವಾಮಿಯ ಕುರಿಮದ್ದಿನ ಅಂಗಡಿ. ೧೯೭೨ರಲ್ಲಿ ಅಲ್ಲಿ ಚೀಟಿ ಬರೆಯಲು ಸೇರಿದವಳು ಗೋವಿಂದಮ್ಮ. ಮನೆಮಾತು ಕನ್ನಡವಾದರೂ ಎಂಟನೆಯವರೆಗೆ ಓದಿದ್ದು ತಮಿಳಿನಲ್ಲಿ. ಅಕ್ಷರ ಮುತ್ತು ಪೋಣಿಸಿದ ಹಾಗೆ. ಯಾವ ಮದ್ದು ಎಷ್ಟು ಎಂಬುದನ್ನು ಪಳನಿಸ್ವಾಮಿ ಒಂದು ದಪ್ಪ ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದ. ಅವಳು ಅದನ್ನು ನೋಡಿ, ಕುರಿಯೊಂದಕ್ಕೆ ಇಷ್ಟು ಮಿಲಿ, ಬರಿಹೊಟ್ಟೆಯಲ್ಲಿ ಕುಡಿಸುವುದು ಎಂದು ಒಂದು ಸಾಲು ಬರೆದು ಬಾಟಲಿಗೆ ಕಟ್ಟುತ್ತಿದ್ದಳು.

ಅವಳು ಸೇರಿದ ಮೊದಲ ಸಂತೆಯ ಮರುದಿನ, ಕೊಳತ್ತೂರು ಕಡೆಯ ಪುಟ್ಟಪ್ಪ ಖಾಲಿ ಬಾಟಲಿ ಹಿಡಿದು ಬಂದ. ಅದು ನಲವತ್ತು ಕುರಿಗಾಗುವಷ್ಟು ಹುಳದ ಮದ್ದು.

"ನಾಕು ಕುರಿಗೇ ಮುಗುದೋಯ್ತು ತಾಯಿ. ಆ ನಾಕೂ ಮಲಗಿದ್ದು ಎದ್ದಿಲ್ಲ. ಮಿಕ್ಕಿದ್ದಕ್ಕೆ ಕುಡ್ಸೋದಾ, ಬ್ಯಾಡ್ವಾ?"

ಇವನೇ ಅಳತೆ ತಪ್ಪು ಮಾಡಿದ್ದಾನೆ ಎಂದ ಪಳನಿಸ್ವಾಮಿ. ಗೋವಿಂದಮ್ಮ ಚೀಟಿ ಬಿಚ್ಚಿ ನೋಡಿದಳು: 25. ರಿಜಿಸ್ಟರು ತೆಗೆದಳು. ಅಲ್ಲಿ 2, ನಡುವೆ ರೂಪಾಯಿ-ಪೈಸೆ ಬೇರೆ ಮಾಡುವ ಅಚ್ಚಿನ ಕೆಂಪು ಗೆರೆ, ಆಚೆಗೆ 5. ಗೆರೆಯೇ ಇರುವಾಗ ಚುಕ್ಕೆ ಯಾಕೆಂದು ಪಳನಿಸ್ವಾಮಿ ಎಂದೂ ಚುಕ್ಕೆ ಇಟ್ಟವನಲ್ಲ. ಚೀಟಿಯಲ್ಲಿ ಗೆರೆ ಇರಲಿಲ್ಲ. ಬರೆದ ಸಾಲಿನ ನಡುವೆ ಎರಡೂ ಅಂಕಿಗಳು ಅಂಟಿಕೊಂಡು ಇಪ್ಪತ್ತೈದಾಗಿದ್ದವು.

ಅವನಿಗೆ ಓದು ಬಾರದು, ಯಾರ ಕೈಲೋ ಓದಿಸಿರುತ್ತಾನೆ, ಸುಮ್ಮನಿರು ಎಂದು ಪಳನಿಸ್ವಾಮಿ ತಮಿಳಿನಲ್ಲಿ ಮೆಲ್ಲಗೆ ಹೇಳಿದ. ಪುಟ್ಟಪ್ಪನಿಗೆ ತಮಿಳು ಬರುತ್ತಿತ್ತು. ಅದು ಇಬ್ಬರಿಗೂ ಆ ಗಳಿಗೆಯಲ್ಲಿ ನೆನಪಾಗಲಿಲ್ಲ.

"ತಪ್ಪು ನಿಮ್ದಲ್ಲಣ್ಣ," ಎಂದಳು ಗೋವಿಂದಮ್ಮ. "ಎರಡೂವರೆ ಅಂತ ಇರಬೇಕಾಗಿತ್ತು. ನಾನೇ ಬರ್ದಿದ್ದು."

ಪುಟ್ಟಪ್ಪ ಬಾಟಲಿ ಕೆಳಗಿಟ್ಟು, ಇದನ್ನು ಇನ್ನು ಯಾರು ಯಾರು ಒಯ್ದರು ಎಂದು ಕೇಳಿದ. ಐದು ಮಂದಿ. ಎಲ್ಲರೂ ಕೊಳತ್ತೂರು ಕಡೆಯವರೇ. ಮುಂದಿನ ಬಸ್ಸಿಗೆ ಇಬ್ಬರೂ ಹತ್ತಿದರು. ಇಳಿದ ಮೇಲೆ ಅವನು ದಾರಿ ತೋರಿಸಿದ, ಅವಳು ನಡೆದಳು.

ಮೂವರು ಇನ್ನೂ ಬಾಟಲಿಯ ಮುಚ್ಚಳ ತೆಗೆದಿರಲಿಲ್ಲ. ಮುನಿವೆಂಕಟಮ್ಮ ತೆಗೆದಿದ್ದಳು, ಆದರೆ ಅಷ್ಟೊಂದು ಮದ್ದು ಯಾವ ಕುರಿಯೂ ತಡೆಯದೆಂದು ತನ್ನ ಅಂದಾಜಿನಲ್ಲೇ ಒಂದೊಂದು ಮುಚ್ಚಳದಷ್ಟು ಕುಡಿಸಿ ಮುಗಿಸಿದ್ದಳು. ಕೊನೆಗೆ ರಾಮಪ್ಪನ ಹಟ್ಟಿ. ಬೇಲಿಯ ಬದಿಯಲ್ಲಿ ಎರಡು ಕುರಿ ಸತ್ತು ಬಿದ್ದಿದ್ದವು, ಹುಲ್ಲು ಮುಚ್ಚಿದ್ದರು.

ಅವಳು ನಡೆದದ್ದನ್ನು ಹೇಳಿದಳು. ರಾಮಪ್ಪ ಬೈಯಲಿಲ್ಲ. ಚೀಟಿ ತಂದು, ಏನಿದೆಯೋ ಅದನ್ನು ಓದು ಎಂದ. ಅವಳು ಓದಿದಳು.

"ಅಂಗಾದ್ರೆ ನಾನು ಸರಿಯಾಗೇ ಕುಡ್ಸಿದೀನಿ," ಎಂದು ಅವನು ಹೆಂಡತಿಯ ಕಡೆ ನೋಡಿದ. ಬೆಳಗಿನಿಂದ ಅವಳು ಅವನನ್ನೇ ದೂರುತ್ತಿದ್ದಳು.

ಪುಟ್ಟಪ್ಪನ ನಾಲ್ಕರಲ್ಲಿ ಒಂದು ಮಾತ್ರ ಉಳಿಯಿತು. ಪಳನಿಸ್ವಾಮಿ ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಆಮೇಲೆ ಗೋವಿಂದಮ್ಮ ಅಳತೆಯನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯತೊಡಗಿದಳು. ಸಾಲು ಉದ್ದವಾಯಿತು, ಸಂತೆಯ ದಿನ ಜನ ಕಾಯಬೇಕಾಯಿತು. ರಾಮಪ್ಪ ಮತ್ತೆ ಆ ಅಂಗಡಿಗೆ ಬರಲಿಲ್ಲ. ಅವನ ಹೆಂಡತಿ ಬರುತ್ತಿದ್ದಳು.